ಒದ್ದೆ ಸೀರೆಯ ಸಪ್ಪಳ

೧೮ ನವೆಂಬರ್ ೧೯೪೦, ಸೋಮವಾರ. ಬೆಳಿಗ್ಗೆ

ಮತ್ತೆ ಅದೇ. ನಾಯಿಯ ಹೊಟ್ಟೆಯ ಕೆಳಗೆ ಎರಡೂ ಕೈ ಇಟ್ಟು ಮೆತ್ತಗೆ ಒತ್ತುವುದು. ಮೊದಲು ಏನೂ ಇಲ್ಲ. ಆಮೇಲೆ ಉಚ್ಚೆ ಬೆಚ್ಚಗೆ ಹರಿದು ಗೋಣಿತಟ್ಟು ಒದ್ದೆ. ವಾಲ್ಡಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತದೆ, ನಾಚಿಕೆ ಅದಕ್ಕೆ. ನನಗೂ ಮೊದಲ ದಿನ ಇತ್ತು, ಈಗಿಲ್ಲ. ತಟ್ಟು ತೊಳೆದು ಒಣಹಾಕಿ, ಮೈ ಒರೆಸಿ, ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿಸಿ, ಸ್ಕೂಲಿಗೆ ಓಟ.

ಹಿಂಗಾಲು ಎರಡೂ ಹಾಗೇ. ಬಟ್ಟೆ ಗೊಂಬೆಯ ಕಾಲು.

ಸಂಜೆ

ಗುರುವಾರದ್ದು ಇನ್ನೂ ಬರೆದಿಲ್ಲ. ಬರೆದುಬಿಡುತ್ತೇನೆ.

ಬಿಸಿಲಿಗೆ ಕಟ್ಟೆಯ ಮೇಲೆ ಮಲಗಿತ್ತು. ಅವ್ವ ಬಾವಿಯಲ್ಲಿ ಮಿಂದು, ಒದ್ದೆ ಸೀರೆಯಲ್ಲಿ ಕೊಡ ಹೊತ್ತು ಬಂದಳು. “ದೂರ” ಅಂದಳು. ವಾಲ್ಡಿ ಹಾರಿತು. ಆ ಗಿಡ್ಡ ಕಾಲಿಗೆ ನಮ್ಮ ಕಟ್ಟೆ ಎಷ್ಟು ಎತ್ತರ! ಒಮ್ಮೆ ಕಿರುಚಿತು, ಆಮೇಲೆ ಹಿಂಭಾಗ ಎಳೆದುಕೊಂಡು ಗೋಡೆಯ ತನಕ ಹೋಗಿ ಬೆನ್ನು ಹಚ್ಚಿ ಕೂತಿತು. ಯಾಕೆಂದರೆ ಪಾಠ ಅಲ್ಲಿಯವರೆಗೆ ಇತ್ತು.

ಪಾಠ ನನ್ನದೇ. ಜೂನ್‌ನಲ್ಲಿ ಪೋಲೀಸರು ಜರ್ಮನ್ನರನ್ನೆಲ್ಲ ಶತ್ರು ದೇಶದವರೆಂದು ಕ್ಯಾಂಪಿಗೆ ಕರೆದೊಯ್ದಾಗ, ನನಗೆ ಇಂಗ್ಲಿಷ್ ಕಲಿಸಿದ ನರ್ಸ್ ಎಲ್ಸಾ ಬಾಯಿ ರೈಲು ಸ್ಟೇಷನ್ನಿನಲ್ಲಿ ಇದನ್ನು ನನ್ನ ಕೈಗಿಟ್ಟು, “ಯುದ್ಧ ಮುಗಿಯೋ ತನಕ, ವಿಜಯಾ” ಅಂದಿದ್ದರು. ಅವ್ವನದು ಒಂದೇ ಕರಾರು: ನಾಯಿ ಇರಲಿ, ಮಡಿಗೆ ಅಡ್ಡ ಬರಬಾರದು. ನಾನು ಹಳೆ ಸೀರೆ ಒದ್ದೆ ಮಾಡಿ ಉಟ್ಟುಕೊಂಡು, ಪಟಪಟ ಸಪ್ಪಳ ಮಾಡುತ್ತ ನಡೆದು, “ದೂರ” ಅನ್ನುವುದು. ಗೋಡೆಗೆ ಸರಿದರೆ ರೊಟ್ಟಿ ಚೂರು. ವಾರದಲ್ಲಿ ಕಲಿತಿತು. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ನಾನು ಕಲಿಸುವ ಕನ್ಯಾಶಾಲೆಯ ಹುಡುಗಿಯರಿಗಿಂತ ಚುರುಕು ಅಂತ ಹೇಳಿಕೊಂಡು ತಿರುಗಿದೆ.

೧೯ ನವೆಂಬರ್, ಮಂಗಳವಾರ

ದನದ ದವಾಖಾನೆಯ ಡಾಕ್ಟರ್ ಖಾಜಾಮಿಯಾ ಹೇಳಿದಂತೆ ಚಹದ ಪೆಟ್ಟಿಗೆಯ ಒಂದು ಬದಿ ಗಿಡ್ಡಗೆ ಕೊಯ್ಸಿ, ಹುಲ್ಲು ಹಾಸಿ, ಪಡಸಾಲೆಯಲ್ಲಿ ಇಟ್ಟಿದ್ದೇನೆ. ಅಲ್ಲಾಡಬಾರದು. ಔಷಧ ಅಂದರೆ ಅದೇ. ಆದರೆ ಬೆಳಿಗ್ಗೆ ಅವ್ವ ಬಾವಿಯಿಂದ ಬಂದಳೋ, ಮುಂಗಾಲು ಊರಿ ಏಳಲು ಹೆಣಗುತ್ತದೆ. ಹಿಡಿದುಕೊಂಡರೂ ಕೇಳದು.

ಅವ್ವನಿಗೆ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ.

“ನಾ ಏನ್ ಬೇಕಂತ ಮಾಡ್ತೀನೇನು? ಬಾವಿಯಿಂದ ಅಡಿಗಿ ಮನಿಗೆ ಹಾರಿ ಹೋಗ್ಲೇನು?”

“ಒಂದಿಷ್ಟು ದಿನ ಮಡಿ ಬಿಟ್ರ ಏನಾಗ್ತದ ಅವ್ವಾ?”

“ಜ್ವರದಾಗ ಬಿಟ್ಟಿಲ್ಲ. ನಾಯಿ ಸಲುವಾಗಿ ಬಿಡಂತೀ?”

ಊಟ ಮಾಡಲಿಲ್ಲ ನಾನು. ಅವಳೂ ಮಾಡಲಿಲ್ಲ. ಇಬ್ಬರ ಜಿದ್ದಿನಲ್ಲಿ ನಾಯಿಯೊಂದೇ ಹಾಲು ರೊಟ್ಟಿ ತಿಂದದ್ದು.

೨೨ ನವೆಂಬರ್, ಶುಕ್ರವಾರ

ಸ್ಕೂಲಿಗೆ ವಾರದ ರಜಾ. ಖಾಜಾಮಿಯಾ ಬಂದಿದ್ದರು. ಹಿಂಗಾಲಿನ ಬೆರಳು ಚಿವುಟಿ ನೋಡಿದರು. ನಾನು ನಾಯಿಯ ಮುಖ ನೋಡುತ್ತಿದ್ದೆ. ಏನೂ ಇಲ್ಲ. ಯಾರದೋ ಕಾಲು ಚಿವುಟಿದ ಹಾಗೆ ಆಕಳಿಸಿತು.

“ಬಾಯಿ, ಎತ್ತಿನ ಬೆನ್ನ ನೋಡೀನಿ, ಪೋಲೀಸ್ ಕುದುರಿ ಬೆನ್ನ ನೋಡೀನಿ. ಇಷ್ಟು ಉದ್ದ ಬೆನ್ನಿಗೆ ಇಷ್ಟು ಗಿಡ್ಡ ಕಾಲ ಖುದಾ ಯಾಕ ಹಚ್ಚಿದ್ನೋ ಗೊತ್ತಿಲ್ಲ. ಬೆನ್ನಮಣಿ ಜರುಗ್ಯದ. ಮಲಗಿದ್ರ ಕೂಡ್ತದ, ಎದ್ರ ಇಲ್ಲ.”

ಅಷ್ಟರಲ್ಲಿ ಅವ್ವ ಬಾವಿಯಿಂದ ಬಂದಳು. ಅವರ ಕಣ್ಣೆದುರೇ ವಾಲ್ಡಿ ಪೆಟ್ಟಿಗೆಯ ಅಂಚಿಗೆ ಎದೆ ಹಚ್ಚಿ ಏಳಲು ನೋಡಿತು. ಡಾಕ್ಟರ್ ಎರಡೂ ಕೈಯಿಂದ ಒತ್ತಿ ಹಿಡಿದರು.

“ಇದು ದಿನಾ ಹಿಂಗೇನ್ರಿ?”

“ದಿನಾ.”

“ಹಂಗಾದ್ರ ನನ್ನ ಕೈಯಾಗೇನೂ ಇಲ್ರಿ. ಎಳ್ಳಮಾಸಿಗೂ ಬೆರಳಿಗೆ ಚುರುಕು ಬರಲಿಲ್ಲಂದ್ರ ಹೇಳಿ ಕಳಸ್ರಿ. ನೋವಿಲ್ಲದ ಜೀವ ಬಿಡಸೋ ಸೂಜಿ ಅದ ನನ್ನ ಹತ್ರ.”

ದೇವದುರ್ಗದ ಕಡೆ ದನಗಳಿಗೆ ಬೇನೆ ಬಿದ್ದಿದೆಯಂತೆ, ನಾಳೆ ಹೊರಡುತ್ತಾರೆ. ಯಾವಾಗ ಬರುತ್ತಾರೋ.

ಎಳ್ಳಮಾವಾಸ್ಯೆ. ಮುಂದಿನ ತಿಂಗಳ ಕೊನೆಗೇ ಬಂದುಬಿಡುತ್ತದೆ.

೨೫ ನವೆಂಬರ್

ಪೆಟ್ಟಿಗೆಯನ್ನು ಕಟ್ಟಿಗೆ ಕೋಣೆಗೆ ಒಯ್ದೆ. ಒಂಟಿಯಾಗಿ ಇರದು. ನಾನು ಸ್ಕೂಲಿನಿಂದ ಬರುವ ತನಕ ಊಳಿಟ್ಟಿತಂತೆ, ಪೆಟ್ಟಿಗೆ ಕೆರೆದು ಉಗುರಲ್ಲಿ ರಕ್ತ. ಎದುರು ಮನೆಯವರು “ನಿಮ್ಮ ಜರ್ಮನ್ ಪಟಾಲಂ ಒದರಾಕತ್ತದ್ರಿ” ಅಂದರು. ನಕ್ಕರು. ಇದರ ಬೆನ್ನಿಗೂ ಯುದ್ಧಕ್ಕೂ ಏನು ಸಂಬಂಧವೋ.

ತಿರುಗಿ ಪಡಸಾಲೆಗೆ ತಂದು, ಪೆಟ್ಟಿಗೆಯ ಮೇಲೆ ದುಪ್ಪಟಿ ಮುಚ್ಚಿದೆ. ಅದಕ್ಕೆ ಅವ್ವ ಕಾಣಬಾರದು ಅಂತ. ಅವ್ವನಿಗೂ ಕಾಡಿ ಬೇಡಿ “ದೂರ” ಅನ್ನದಂತೆ ಮಾಡಿದೆ. ಬೆಳಿಗ್ಗೆ ಬಾಯಿ ಬಿಗಿಹಿಡಿದು ಬಂದಳು ಪಾಪ. ದುಪ್ಪಟಿಯ ಒಳಗೆ ಗುದ್ದಾಟ ಶುರು. ಕಾಣಲಿಲ್ಲ, ಮಾತಿಲ್ಲ. ಒದ್ದೆ ಸೀರೆ ಕಾಲಿಗೆ ಬಡಿಯುವ ಸಪ್ಪಳ ಸಾಕು ಅದಕ್ಕೆ.

ಎಷ್ಟು ಚೆನ್ನಾಗಿ ಕಲಿಸಿದ್ದೇನೆ.

೨೯ ನವೆಂಬರ್

ಮಲಗಿ ಮಲಗಿ ಬಲಗಡೆ ಚಪ್ಪೆಯ, ಸೊಂಟದ ಎಲುಬಿನ ಮೇಲೆ ಹುಣ್ಣು. ನಿನ್ನೆ ಕೆಂಪಗಿತ್ತು, ಇಂದು ಬಾಯಿ ಬಿಟ್ಟಿದೆ. ಬೋರಿಕ್ ಮುಲಾಮು ಹಚ್ಚಿದೆ. ನೆಕ್ಕಲಿಕ್ಕೂ ತಿರುಗಲಾಗದು.

ತೂಕ ಇಳಿದಿದೆ. ಎತ್ತಿದರೆ ಗೊತ್ತಾಗುತ್ತದೆ.

ಅವ್ವ ತುಳಸಿ ಮುಂದೆ ಕೂತವಳು ತಾನಾಗೇ ಕೇಳಿದಳು, “ಇದರ ಜೀವ ಹೋದ್ರ ಪಾಪ ಯಾರಿಗೆ ವಿಜಯಾ? ಮಡಿಗೋ, ನನಗೋ?”

“ಇಬ್ಬರಿಗೂ ಅಲ್ಲ, ನನಗ,” ಅಂದೆ. ಸಮಾಧಾನ ಮಾಡಲೆಂದು ಅಂದದ್ದಲ್ಲ. ಹಾಗೆ ಅನ್ನಿಸಿತು, ಅಂದೆ.

ಕ್ಯಾಂಪಿನಿಂದ ಎಲ್ಸಾ ಬಾಯಿ ನಾಳೆಯೇ ಬಂದು ಬಾಗಿಲಲ್ಲಿ ನಿಂತರೆ…

೭ ಡಿಸೆಂಬರ್, ಶನಿವಾರ

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಒತ್ತುವುದು, ತೊಳೆಯುವುದು, ಹೊರಳಿಸುವುದು.

ಇವತ್ತು ಮಾನ್ವಿ ಮೋಟರ್ ಬಸ್ಸಿನವನು ಬಂದು ಹೇಳಿದ: ಅಲ್ಲಿರುವ ನನ್ನ ತಮ್ಮ ವಿಠ್ಠಲನಿಗೆ ನಿನ್ನೆ ಗಂಡುಮಗು. ಅವನ ಹೆಂಡತಿ ಕಾವೇರಿಬಾಯಿ ಆರಾಮಾಗಿದ್ದಾಳೆ, ಅವಳ ತಾಯಿ ಬಂದಿದ್ದಾಳೆ. ಅವ್ವ ತೊಟ್ಟಿಲಿಗೆ ಬಂದರೆ ಸಾಕಂತೆ.

ಅವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು, ಒಮ್ಮೆಲೇ ದೇವರ ಮನೆಯ ಕಡೆ ನೋಡಿದಳು. “ವೃದ್ಧಿ ಬಂತಲ್ಲ ನನಗ.”

ಹೌದಲ್ಲ! ಮಗನ ಮನೆಯಲ್ಲಿ ಮಗು ಹುಟ್ಟಿದರೆ ಅವಳಿಗೆ ಹತ್ತು ದಿನ ಮೈಲಿಗೆ. ದೇವರ ಪೆಟ್ಟಿಗೆ ಮುಟ್ಟುವಂತಿಲ್ಲ, ಮಡಿ ಇಲ್ಲ. ಮದುವೆಯಾಗಿ ಹೋದವಳು ನಾನು. ವಿಧವೆಯಾಗಿ ತಿರುಗಿ ಬಂದರೂ ಗೋತ್ರ ಬೇರೆ, ನನಗದು ತಟ್ಟದು. ಅವ್ವನಿಗೆ ಉಂಟು. ಹತ್ತು ದಿನ ಬಾವಿಯಿಂದ ಒದ್ದೆ ಸೀರೆ ಬರುವುದಿಲ್ಲ.

ಆ ಕೂಸನ್ನು ನೋಡದೆಯೇ ಮುದ್ದು ಮಾಡಬೇಕೆನಿಸಿತು.

೯ ಡಿಸೆಂಬರ್

ಮಡಿ ಇಲ್ಲದ ಅವ್ವನನ್ನು ನೋಡುವುದೇ ವಿಚಿತ್ರ. ಒಣ ಸೀರೆ ಉಟ್ಟು ಕೂತಿದ್ದಾಳೆ, ಕೈ ಎಲ್ಲಿಡಬೇಕು ತಿಳಿಯುತ್ತಿಲ್ಲ. ಅಡಿಗೆ ನನ್ನದು. ಸಾರಿಗೆ ಉಪ್ಪು ಕಡಿಮೆ ಅಂತ ಎರಡು ಸಲ ಅಂದಳು.

ವಾಲ್ಡಿ ಎರಡು ದಿನದಿಂದ ಎದ್ದಿಲ್ಲ. ಮಲಗಿದೆ. ನಿಜವಾದ ನಿದ್ದೆ, ಗೊರಕೆ ಸಹಿತ.

ಸ್ಕೂಲಿನಿಂದ ಬಂದರೆ ಅವ್ವ ಪೆಟ್ಟಿಗೆಯ ಹತ್ತಿರ ಮಣೆ ಹಾಕಿ ಕೂತಿದ್ದಾಳೆ. ಕೈಯಲ್ಲಿ ಹುರಿದ ಉಪ್ಪಿನ ಗಂಟು. ನಾಯಿಯ ಬೆನ್ನು ಕಾಸುತ್ತಿದ್ದಾಳೆ! ಬಾಣಂತಿಗೆ ಕಾಸಿದ ಹಾಗೆ, ಮೊದಲು ತನ್ನ ಕೆನ್ನೆಗೆ ಹಚ್ಚಿ ಬಿಸಿ ನೋಡಿಕೊಂಡು.

“ಹೆಂಗೂ ಮೈಲಿಗ್ಯಾಗ ಇದ್ದೀನಿ,” ಅಂದಳು ನನ್ನ ಮುಖ ನೋಡದೆ. “ಅಲ್ಲಿ ಬಾಣಂತಿಗೆ ಮಾಡೋದನ್ನ ಇಲ್ಲಿ ವಾಲಿಗೆ ಮಾಡೀನಿ. ಅದರಾಗೇನದ.”

ಅವಳ ಬಾಯಲ್ಲಿ ಅದು ವಾಲಿ. ಇಷ್ಟು ದಿನ ಹೆಸರು ಹಿಡಿದದ್ದೇ ಇಲ್ಲ, ಬರೀ “ಅದು”.

೧೧ ಡಿಸೆಂಬರ್

ಅವ್ವ ಅದಕ್ಕೆ ಗುಟ್ಟಿನ ಮಾತು ಹೇಳುತ್ತಾಳೆ. ಒಳಗಿನಿಂದ ಕೇಳಿಸಿತು. ತೊಟ್ಟಿಲಿಗೆ ಯಾರ ಹೆಸರಿಡಬೇಕು, ಬೀಗತಿ ಎಂಥ ಜಂಬದವಳು… ಇಂಥ ಮಾತನ್ನು ನನ್ನ ಹತ್ತಿರ ಎಂದೂ ಆಡಿಲ್ಲ.

ನಾನು ಹೊರಗೆ ಬಂದದ್ದೇ ಬಾಯಿ ಮುಚ್ಚಿದಳು. “ನಾಯಿ ಮುಟ್ಟೀನಂತ ವಿಠ್ಠಲಗ ಹೇಳಬ್ಯಾಡ.”

ಹುಣ್ಣು ಒಣಗಿದೆ. ಅವಳದೇ ಅರಿಸಿನ ಎಣ್ಣೆ.

೧೩ ಡಿಸೆಂಬರ್, ಶುಕ್ರವಾರ

ಡಾಕ್ಟರ್ ದೇವದುರ್ಗದಿಂದ ಬಂದವರು ನೆಟ್ಟಗೆ ನಮ್ಮಲ್ಲಿಗೇ ಬಂದರು. ಬೂಟಿನ ಮೇಲೆ ಕೃಷ್ಣಾ ದಂಡೆಯ ಮಣ್ಣು ಇನ್ನೂ ಇತ್ತು. ಬೆರಳು ಚಿವುಟಿದರು.

ಕಾಲು ಎಳೆದುಕೊಂಡಿತು. ತಿರುಗಿ ನೋಡಿ ಗುರ್ರ್ ಅಂದಿತು, ಡಾಕ್ಟರ್ ಮೇಲೆ.

ನಾನು ಅತ್ತೆ. ನಾಚಿಕೆಯಿಲ್ಲದೆ ಅತ್ತೆ.

“ಸೂಜಿ ಮಾತು ಬಿಡ್ರಿ ಇನ್ನ,” ಅಂದರು. ಆಮೇಲೆ ದನಿ ಇಳಿಸಿ, “ಆದ್ರ ಈಗ ಕೂಡಾಕತ್ತದ ಅಷ್ಟೇ. ಇನ್ನೂ ಮೂರು ವಾರ ಏಳಬಾರದು. ಈಗ ಎದ್ದು ಮತ್ತ ಜರುಗಿತಂದ್ರ, ಮುಂದ ಕೂಡಂಗಿಲ್ರಿ. ನಿಮ್ಮ ಅವ್ವಾರೂ ತಿಳಕೋಬೇಕು.”

ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಸೋಮವಾರ ವೃದ್ಧಿ ಮುಗಿಯುತ್ತದೆ.

೧೫ ಡಿಸೆಂಬರ್, ಭಾನುವಾರ

ಕೇಳಿಯೇ ಬಿಟ್ಟೆ. “ಇನ್ನಷ್ಟು ದಿನ ಮಡಿ ಇಲ್ಲದ ಇರು ಅವ್ವಾ.”

“ಹತ್ತು ದಿನ ದೇವರಿಗೆ ಒಂದು ತುಳಸಿ ದಳ ಇಲ್ಲ. ಇನ್ನೂ ಹಂಗಽ ಇಡಂತೀ? ಕೂಸಿಗೆ ಕೇಡು ಬರ್ತದ.” ಕೋಪವಿಲ್ಲ ದನಿಯಲ್ಲಿ. ಹೆದರಿಕೆ. ಮೊಮ್ಮಗನ ಸಲುವಾಗಿ.

ಆಮೇಲೆ ತಾನೇ ಅಂದಳು, “ಈಗ ನಾ ಅಂದ್ರ ಅದಕ್ಕ ಗೊತ್ತದ. ಇಷ್ಟು ದಿನ ಮೈ ತಿಕ್ಕೀನಿ. ನನ್ನ ನೋಡಿ ಯಾಕ ಏಳ್ತದ?”

ನನಗೂ ಹಾಗೇ ಅನ್ನಿಸಿತು. ಅನ್ನಿಸಬೇಕೆಂದು ಆಸೆ. ನಾಳೆ ಸೀರೆ ಚೆನ್ನಾಗಿ ಹಿಂಡಿಕೊಂಡು, ಸಪ್ಪಳವಾಗದಂತೆ ಬರುತ್ತಾಳೆ. ನಾನು ಪೆಟ್ಟಿಗೆಯ ಹತ್ತಿರ ಕೂತಿರುತ್ತೇನೆ.

ಅವ್ವ ಹೋಗಿ ಇನ್ನೊಮ್ಮೆ ಅದರ ಬೆನ್ನು ಕಾಸಿದಳು. ತಲೆ ಸವರಿದಳು. ಇದು ಕಡೆಯ ಸಲ ಅಂತ ಅವಳಿಗೆ ಗೊತ್ತು. ಅದಕ್ಕೆ ಗೊತ್ತಿಲ್ಲ, ಅವಳ ಅಂಗೈ ನೆಕ್ಕಿತು.

೧೬ ಡಿಸೆಂಬರ್, ಸೋಮವಾರ. ಬೆಳಿಗ್ಗೆ ಎಂಟು

ಎಡಗೈ ಅದರ ಬೆನ್ನ ಮೇಲಿಟ್ಟು ಬರೆಯುತ್ತಿದ್ದೇನೆ.

ಅವ್ವ ಬಂದಳು. ತುದಿಗಾಲಲ್ಲಿ ಬಂದಳು. ಸೀರೆಯ ನೆರಿಗೆ ಮುಷ್ಟಿಯಲ್ಲಿ ಹಿಡಿದು, ಸಪ್ಪಳವೇ ಇಲ್ಲ. ನನ್ನ ಕೈ ಪೆಟ್ಟಿಗೆಯ ಅಂಚಿನ ಮೇಲೇ ಇತ್ತು. ಕೊಡದಿಂದ ಒಂದು ಹನಿ ಕಲ್ಲಿನ ಮೇಲೆ ಬಿತ್ತು, ಅಷ್ಟೇ. ವಾಲ್ಡಿ ಕಣ್ಣು ಬಿಟ್ಟಿತು.

ಎದ್ದಿತು. ನಾಲ್ಕೂ ಕಾಲ ಮೇಲೆ. ಇಷ್ಟು ದಿನ ಯಾವುದಕ್ಕೆ ಕಾದೆನೋ ಅದು. ನಾನು ಹಿಡಿಯುವುದರೊಳಗೆ ಗಿಡ್ಡ ಬದಿ ದಾಟಿ, ಹಿಂಭಾಗ ಓಲಾಡುತ್ತ, ಗೋಡೆಯ ತನಕ ನಡೆದು, ಬೆನ್ನು ಹಚ್ಚಿ ನಿಂತಿತು. ನಿಂತು ನನ್ನ ಮುಖ ನೋಡಿತು. ರೊಟ್ಟಿ ಚೂರಿಗೆ.

ನನ್ನ ಕೈಯಲ್ಲಿ ರೊಟ್ಟಿ ಇರಲಿಲ್ಲ.

ಎತ್ತಿ ತಂದು ಪೆಟ್ಟಿಗೆಯಲ್ಲಿ ಮಲಗಿಸಿದೆ. ಅವ್ವ ಒಂದು ಹೆಜ್ಜೆ ಇಟ್ಟಳು, ಮತ್ತೆ ಎದೆ ಎತ್ತಿತು. ಅವಳು ನಿಂತಳು. ಹಿಂದೆ ಸರಿದು ಅಂಗಳಕ್ಕೇ ಹೋದಳು. ಸೀರೆ ಬದಲಿಸಲು ಒಳಗೆ ಬರಬೇಕು, ಒಳಗೆ ಬರಲು ಇದನ್ನು ದಾಟಬೇಕು. ಈ ಚಳಿಯಲ್ಲಿ, ಒದ್ದೆಯಲ್ಲೇ, ಬಾವಿಯ ಕಲ್ಲಿನ ಮೇಲೆ ಕೂತಿದ್ದಾಳೆ. ಕೊಡ ಪಕ್ಕದಲ್ಲಿ. ದೇವರ ನೀರು ಹಾಗೇ ಇದೆ.

ಕಾಲು ಚಿವುಟಿ ನೋಡಬೇಕು. ಇನ್ನೂ ನೋಡಿಲ್ಲ. ಧೈರ್ಯವಿಲ್ಲ.

ಈಗ ಕರೆಯುತ್ತಿದ್ದಾಳೆ. ಮಡಿಯಲ್ಲೇ ಕೂತು, ಬಾಯಿ ತುಂಬ ಕರೆಯುತ್ತಿದ್ದಾಳೆ. “ವಾಲೀ… ಇಲ್ಲೇ ಇದ್ದೀನಿ ನಾ. ನಾನಽ ಅಲ್ಲೇನೋ? ಹೆದರಬ್ಯಾಡ, ನನ್ನ ಕಡೆ ನೋಡಪ್ಪಾ.” ಆ ದನಿ ಬಂದಾಗಲೆಲ್ಲ ನನ್ನ ಅಂಗೈ ಕೆಳಗೆ ಅದು ಮೈ ಕುಗ್ಗಿಸಿ ಪೆಟ್ಟಿಗೆಯ ಆಚೆ ಬದಿಗೆ ಒತ್ತಿಕೊಳ್ಳುತ್ತದೆ. ಏನು ಮಾಡೀತು? ಒದ್ದೆ ಸೀರೆ ಉಟ್ಟವರು ಪ್ರೀತಿಯಿಂದ ಕರೆಯುತ್ತಾರೆ ಅಂತ ಅದಕ್ಕೆ ನಾನು ಯಾವತ್ತೂ ಕಲಿಸಿಲ್ಲ.