ಮುಸುಕಿನೊಳಗಿನ ಅಜ್ಜಿ

ಮಾರ್ಚ್ ೭, ಶನಿವಾರ

ಬೆಳಗ್ಗೆಯಿಂದ ಗಾಜು ತೊಳೆದದ್ದೇ ಆಯಿತು. ಬೆರಳೆಲ್ಲ ಸಿಲ್ವರ್ ನೈಟ್ರೇಟಿನ ಕಪ್ಪು. ವಾರವಿಡೀ ಕೋಡಿಂಗ್, ವೀಕೆಂಡು ಲಂಡನ್ ಹತ್ತಿರದ ಕ್ರೋಯ್ಡನ್ನಿನ ಈ ಬಾಡಿಗೆ ಕೋಣೆಯಲ್ಲಿ ನೂರೈವತ್ತು ವರ್ಷ ಹಳೆಯ ರೀತಿಯಲ್ಲಿ ಗಾಜಿನ ಮೇಲೆ ಫೋಟೊ. ಆಫೀಸಿನವರು ಹುಚ್ಚಿ ಅಂತಾರೆ. ಅನ್ನಲಿ. ಸುಖವಾಗಿದ್ದೇನೆ.

ಸ್ಫೂರ್ತಿಯ ಫೋನು. ಧಾರವಾಡದವಳು, ಇಲ್ಲಿ ಡಾಕ್ಟರು. ಮಗಳು ಅನ್ವಿತಾಳ ಫೋಟೊ ಬೇಕಂತೆ. ಇನ್ನೂ ವರ್ಷ ತುಂಬದ ಕೂಸು, ಈ ಫೋಟೊಗೆ ಹತ್ತು ಸೆಕೆಂಡಾದರೂ ಅಲುಗಾಡದೆ ಕೂರಬೇಕಲ್ಲ...

ಮಾರ್ಚ್ ೧೪, ಶನಿವಾರ

ಬಂದರು. ಜೊತೆಗೆ ಸ್ಫೂರ್ತಿಯ ಅತ್ತೆ ರತ್ನವ್ವ. ಸೆರಗು ಕಣ್ಣಿನವರೆಗೆ. ಮುಖದ ತುಂಬ ತೊನ್ನು.

"ನಮ್ಮ ಮದುವಿ ಆಲ್ಬಮ್ಮಿನ್ಯಾಗೂ ಅತ್ತಿ ಇಲ್ರೀ," ಸ್ಫೂರ್ತಿ ಪಿಸುಗುಟ್ಟಿದಳು. "ಕ್ಯಾಮೆರಾ ಕಂಡ್ರ ಅಡಗತಾರ."

ಎರಡು ಗಾಜಿನ ಪ್ಲೇಟು ಹಾಳು. ಕೂಸು ಅಲುಗಾಡಿ, ಮುಖದ ಬದಲು ಮೋಡ. ಹಳೇ ಸ್ಟುಡಿಯೋದವರ ಉಪಾಯ ಹೇಳಿದೆ — ತಾಯಿಗೆ ಮುಸುಕು ಹಾಕಿ, ಕುರ್ಚಿಯ ಹಾಗೆ ಕಾಣುವಂತೆ ಮಾಡಿ, ಮಡಿಲಲ್ಲಿ ಮಗು ಕೂರಿಸುತ್ತಿದ್ದರು. ರತ್ನವ್ವ ಎದ್ದೇಬಿಟ್ಟರು.

"ನಾ ಕುಂದರ್ತೇನಿ. ನನ್ನ ಕೈಯಾಗ ಸುಮ್ಮನಿರತೈತಿ. ನಾ ಕಾಣಂಗಿಲ್ಲಲಾ?"

"ಕಾಣಲ್ಲ ಅಮ್ಮ."

ಕಪ್ಪು ಬಟ್ಟೆ ಹೊದಿಸಿದೆ. ಲೆನ್ಸಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ಕೂಸು ತಿರುಗಿ ಬಟ್ಟೆ ಎಳೆಯಿತು. ಅಜ್ಜಿಯ ಮುಖ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕಲ್ಲಾದರು. ಮುಚ್ಚಳ ಹಾಕಬೇಕಿತ್ತು. ಕೈ ಏಳಲಿಲ್ಲ.

ಕ್ಷಮೆ ಕೇಳಿದೆ. "ಬೇಡ ಅಂದ್ರೆ ಈಗಲೇ ಒರೆಸಿಬಿಡ್ತೀನಿ." ಈ ಫೋಟೊಗಳಲ್ಲಿ ಬಿಳಿ ಇನ್ನಷ್ಟು ಬಿಳಿ, ಕಂದು ಇನ್ನಷ್ಟು ಕಪ್ಪು. ಒಂದು ಕಲೆಯೂ ಬಚ್ಚಿಟ್ಟುಕೊಳ್ಳುವುದಿಲ್ಲ. ಭಯವಾಗಿತ್ತು.

ರಾಸಾಯನಿಕದ ಟ್ರೇಯಲ್ಲಿ ಚಿತ್ರ ಮೆಲ್ಲಗೆ ಮೂಡಿತು. ರತ್ನವ್ವ ಬಾಗಿ ನೋಡಿದರು. ತುಂಬ ಹೊತ್ತು. ತಮ್ಮ ಮುಖವನ್ನಲ್ಲ, ಕೂಸಿನದನ್ನು.

"ಇಕಿ ನನ್ನ ಹಿಂಗ ನೋಡತಾಳೇನ?"

ಸ್ಫೂರ್ತಿ ಹೇಳಿದಳು, "ದಿನಾ ಹಿಂಗ ನೋಡತಾಳ್ರೀ ಅತ್ತಿ."

"ಒರಸಬ್ಯಾಡ್ರಿ."

ಮಾರ್ಚ್ ೨೧, ಶನಿವಾರ, ಮಧ್ಯಾಹ್ನ

ರತ್ನವ್ವ ತಾವಾಗಿಯೇ ಸೊಸೆಯನ್ನು ಹೊರಡಿಸಿಕೊಂಡು ಬಂದರು. ನಾಳೆ ಊರಿಗೆ ವಿಮಾನ.

"ನಂದೊಂದು ತಗೀರಿ. ಒಬ್ಬಾಕಿದ."

ಸೆರಗು ಹೆಗಲಿಗೆ ಇಳಿಸಿ, ಲೆನ್ಸನ್ನೇ ನೇರ ನೋಡುತ್ತ ಕೂತರು. ರೆಪ್ಪೆ ಕೂಡ ಹೊಡೆಯಲಿಲ್ಲ. ಇಷ್ಟು ಸ್ವಚ್ಛವಾದ ಪ್ಲೇಟು ನನ್ನ ಕೈಯಿಂದ ಯಾವತ್ತೂ ಬಂದಿಲ್ಲ.

ಈಗ ಅದು ಒಣಗುತ್ತಿದೆ. ಅವರು ಪಕ್ಕದಲ್ಲೇ ಚಹಾ ಕುಡಿಯುತ್ತ, "ಏನ್ ಬರಿಯಾಕತ್ತೀರಿ? ಇಡ್ರಿ ಪೆನ್ನು. ಇನ್ನೊಂದು ತಗೀರಿ, ಈ ಸಲ ನಾ ನಕ್ಕೋತ—"