ಕೆರೆ ಏರಿಯ ಮೇಲಿನ ಕೆಂಪು

ಅಮ್ಮೀ,

ಸಲಾಂ ಹೇಳಿ, ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ಆಮೇಲೆ ನಿಧಾನವಾಗಿ ವಿಷಯಕ್ಕೆ ಬರುವ ತಾಳ್ಮೆ ಇವತ್ತು ನನಗಿಲ್ಲ. ನಿನ್ನೆ ಬೆಂಗಳೂರಿನಲ್ಲಿ ನಮ್ಮ ಸಿನಿಮಾ ನೋಡಿದೆ. ಹೌದು, ಅದೇ ಸಿನಿಮಾ. ಗುಬ್ಬಿಯಲ್ಲಿ ನೋಡಿ ಬಂದ ಮೇಲೆ ನೀನು ಮತ್ತೆಂದೂ ಅದರ ಮಾತೆತ್ತಲಿಲ್ಲವಲ್ಲ, ಅದೇ! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ನಮ್ಮ ಮನೆಮಾತು ಉರ್ದುವಾದರೂ ನಿನಗೆ ಓದಲು ಬರುತ್ತಿದ್ದದ್ದು ಕುಣಿಗಲ್‌ನ ಸರ್ಕಾರಿ ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗ ಮೋಟಾರ್ ಬೈಕಿನಲ್ಲಿ ನಮ್ಮ ಅಂಗಡಿಗೆ ಬಂದ ಸಂಜೆ ನೆನಪಿದೆಯಾ? ನಾನಾಗ ಸೆಕೆಂಡ್ ಪಿಯುಸಿ. ತುಮಕೂರಿನಲ್ಲಿ ನಮ್ಮದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಮುಂದೆ ಅಬ್ಬಾ, ಹಿಂದಿನ ಅಂಗಳದಲ್ಲಿ ಒಲೆ, ಹಂಡೆ ಮತ್ತು ನೀನು. ಗಿರಾಕಿಗಳು ಅಂಚಿನ ತುಂಡೊಂದನ್ನು ಹಿಡಿದು ‘ಇದೇ ಬಣ್ಣ ಬೇಕು’ ಅಂದರೆ ಅಬ್ಬಾ ಗಂಭೀರವಾಗಿ ತಲೆಯಾಡಿಸಿ ‘ನಾಳೆ ಬನ್ನಿ’ ಅನ್ನುತ್ತಿದ್ದರು. ಹೊಂದಿಸುತ್ತಿದ್ದವಳು ನೀನು. ಊರಿನಲ್ಲಿ ಹೆಸರು ಮಾತ್ರ ಅಬ್ಬಾರದ್ದು. ನೀನು ಅದಕ್ಕೆ ಒಂದು ದಿನವಾದರೂ ಬೇಜಾರು ಮಾಡಿಕೊಂಡೆಯಾ? ನಾನಂತೂ ಮಾಡಿಕೊಂಡಿದ್ದೆ.

ಆ ಹುಡುಗ ಗಂಟು ಬಿಚ್ಚಿ, ಬಣ್ಣ ಬಿಟ್ಟು ಪೇಲವವಾಗಿದ್ದ ಒಂದು ಹತ್ತಿ ಸೀರೆಯನ್ನು ಕೌಂಟರ್ ಮೇಲೆ ಹರಡಿದ. “ಸಾಬ್ರೇ, ಸಿನಿಮಾದ್ದು. ಕುಣಿಗಲ್ ಕೆರೆ ಏರಿ ಮೇಲೆ ಶೂಟಿಂಗ್ ನಡೀತೈತೆ. ಕ್ಲೈಮ್ಯಾಕ್ಸ್ ಅರ್ಧ ಆಗೈತೆ, ನಾನು ಸೀರೆ ಒಗೆಸಿ ಕೆಟ್ಟೆ. ಹೀರೋಯಿನ್ ನಾಳೆ ರಾತ್ರಿ ಹೊರಟ್ಬಿಡ್ತಾರೆ. ನಾಳೆ ಸಂಜೆಯೊಳಗೆ ಮೊದ್ಲಿನಂಗೇ ಆಗ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತು ಅಂತ್ಲೇ ಲೆಕ್ಕ.” ಮೂಲ ಬಣ್ಣ ಉಳಿದದ್ದು ಅವನು ಜೊತೆಗೆ ತಂದಿದ್ದ, ನೀರು ಕಾಣದ ರವಿಕೆಯಲ್ಲಿ ಮಾತ್ರ. ಎಂಥ ಕೆಂಪು ಅಮ್ಮೀ ಅದು! ಪರದೆಯ ಹಿಂದೆ ನಿಂತಿದ್ದ ನೀನು ಕೈ ಚಾಚಿ ಆ ರವಿಕೆಯನ್ನು ಇಸಿದುಕೊಂಡೆ.

ಟ್ಯೂಬ್‌ಲೈಟಿನ ಕೆಳಗೆ ನೋಡಿದೆ. ಬಾಗಿಲ ಬೆಳಕಿಗೆ ಹಿಡಿದೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಇದನ್ನ ಉಟ್ಕೊಳ್ಳೋದು ಯಾವ ಹೊತ್ನಾಗೆ?”

“ಸಂಜೆ, ಹೊತ್ತು ಮುಳುಗೋಕ್ ಮುಂಚೆ.”

“ಹಂಗಾರೆ ಇಲ್ಲಿ ಹೊಂದಿದ್ದು ಅಲ್ಲಿ ಹೊಂದ್ತದೆ ಅಂತ ಹೇಳಕ್ಕಾಗಲ್ಲ. ನಾನೇ ಬರ್ತೀನಿ.”

ಅಬ್ಬಾ ಗಾಬರಿಯಾದರು. “ನೀನ್ಯಾಕೆ? ನಾನ್ ತಗೊಂಡ್ ಹೋಗ್ತೀನಿ.”

“ತಗೊಂಡ್ ಹೋಗೋದ್ ನೀವು. ಅಲ್ಲಿ ನೋಡೋದ್ಯಾರು?” ಅಂದೆ ನೀನು. ಅಬ್ಬಾ ಸೀರೆಯನ್ನು ಮಡಚಿ ಒಳಗೆ ಕೊಟ್ಟರು.

ಮಾರನೆಯ ದಿನ ನಾವು ಮೂವರೂ ಕುಣಿಗಲ್ ಏರಿ ಹತ್ತಿದಾಗ ನಾನು ಮೊದಲು ಕಂಡದ್ದು ಕ್ಯಾಮೆರಾವನ್ನಲ್ಲ, ಜನರನ್ನು. ನೂರಾರು ಜನ ನಿಂತಿದ್ದರು, ಒಬ್ಬರ ಮೈಮೇಲೂ ಎದ್ದು ಕಾಣುವ ಬಣ್ಣವಿರಲಿಲ್ಲ. ಎಲ್ಲ ಮಣ್ಣು, ಬೂದಿ, ಒಣಹುಲ್ಲಿನ ಬಣ್ಣ. ಬಿಳಿ ಪಂಚೆಗಳನ್ನೂ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದಿದ್ದರು. ಯಾಕೆಂದು ಕೇಳುವಷ್ಟರಲ್ಲಿ ನಿರ್ದೇಶಕರು ಬಂದರು. ನೀನು ಬೆಳಗ್ಗೆ ಬಣ್ಣ ಹಾಕಿದ್ದ ಸೀರೆಯನ್ನು ಓರೆ ಬಿಸಿಲಿನಲ್ಲಿ ರವಿಕೆಯ ಪಕ್ಕ ಹಿಡಿದರು. ಮನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಸೀರೆ ಅಲ್ಲಿ ಕಿತ್ತಳೆಯ ಕಡೆಗೆ ವಾಲಿತ್ತು.

“ಯಾರ್ರೀ ಇದನ್ನ ಮಾಡಿದ್ದು?”

ಅಬ್ಬಾ ಒಂದು ಗಳಿಗೆ ನೆಲ ನೋಡಿದರು. “ನಮ್ಮನೆಯವ್ರು ಸಾರ್. ಅಂಗಡೀಲಿ ಬಣ್ಣ ಹೊಂದ್ಸೋದೆಲ್ಲ ಅವ್ರೇ. ಅವ್ರು ಸರಿ ಮಾಡ್ತಾರೆ.”

ತಪ್ಪು ನಿನ್ನ ತಲೆಗೆ ಕಟ್ಟಲು ಹಾಗೆಂದರೋ, ನಂಬಿಕೆಯಿಂದ ಹಾಗೆಂದರೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಆದರೆ ಆ ಕೊನೆಯ ಮಾತು ಹೇಳುವಾಗ ಅವರ ತಲೆ ಮೇಲೆದ್ದಿತ್ತು, ಅಮ್ಮೀ. ನೀನು ನೋಡಲಿಲ್ಲ. ನೀನಾಗಲೇ ಯೂನಿಟ್ಟಿನ ಅಡುಗೆಯವರ ಹತ್ತಿರ ಹೋಗಿದ್ದೆ.

“ಒಲೆ ಆರಿಸ್ಬೇಡಪ್ಪ. ಆ ಅನ್ನದ ಪಾತ್ರೆ ಇತ್ತ ಕೊಡು, ಬ್ಯಾಗಿಂದ ಉಪ್ಪು ತಗಿ ಮುನ್ನೀ.” ಬಿಸಿನೀರಿಗೆ ಬಣ್ಣ ಕೂರಿಸುವ ಉಪ್ಪು, ಮೇಲೆ ರಾಣಿ ಪಿಂಕ್ ಪುಡಿ, ಎರಡು ಬೆರಳಿಗೆ ಸಿಕ್ಕಷ್ಟು. ಅಷ್ಟೇ. ಸಂಜೆ ಬಿಸಿಲು ಹಳದಿ ತುಂಬುತ್ತದೆ, ಆ ಹಳದಿಯನ್ನು ಹಿಡಿದು ನಿಲ್ಲಿಸಲು ಚೂರು ರಾಣಿ ಸಾಕು ಎಂದು ನಿನಗೆ ಯಾರು ಹೇಳಿಕೊಟ್ಟಿದ್ದರು? ಸೀರೆ ಹೊರಬಂದಾಗ ರಕ್ತದಂತೆ ಗಾಢವಾಗಿತ್ತು. ನಿರ್ದೇಶಕರು ತಲೆ ಹಿಡಿದುಕೊಂಡರು. “ಒದ್ದೆ ಬಟ್ಟೆ ಸುಳ್ಳು ಹೇಳ್ತದೆ ಸಾರ್, ಒಣಗ್ಲಿ” ಅಂದೆ ನೀನು. ಒಣಗುವುದೆಲ್ಲಿ? ಸೂರ್ಯ ಇಳಿಯುತ್ತಿದ್ದಾನೆ!

“ಮುನ್ನೀ, ಒಂದ್ ತುದಿ ಹಿಡ್ಕ. ಏನ್ಲಾ, ನೀನು ಇನ್ನೊಂದು ತುದಿ ಹಿಡ್ಕ. ಓಡ್ರೀ!”

ನಾನೂ ಆ ಕಾಸ್ಟ್ಯೂಮ್ ಹುಡುಗನೂ ಏರಿಯ ಉದ್ದಕ್ಕೂ ಓಡಿದೆವು. ಕೆರೆಯ ಗಾಳಿಗೆ ಆರು ಗಜದ ಸೀರೆ ಹಾಯಿಯಂತೆ ಉಬ್ಬಿತು. ಜನ ಕೇಕೆ ಹಾಕಿದರು, ಹೀರೋಯಿನ್ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಹೋಗಿ, ಬಂದು, ಮತ್ತೆ ಹೋಗಿ… ನನಗೆ ಉಸಿರೇ ಇರಲಿಲ್ಲ. ಕೊನೆಗೆ ನೀನು ಸೆರಗನ್ನು ಕೆನ್ನೆಗೊತ್ತಿ ನೋಡಿ, ರವಿಕೆಯನ್ನು ಅದರ ಮೇಲಿಟ್ಟೆ. ರವಿಕೆ ಕಾಣಲೇ ಇಲ್ಲ! ಸೀರೆಯೊಳಗೆ ಮಾಯವಾಗಿತ್ತು. “ಉಡ್ಸಿ” ಅಂದೆ.

ರಿಹರ್ಸಲ್ ನಡೆಯುವಾಗ ಕ್ಯಾಮೆರಾ ಸರ್ ತಮ್ಮ ಕೊರಳಲ್ಲಿ ನೇತಾಡುತ್ತಿದ್ದ ಕಪ್ಪು ಗಾಜಿನ ಬಿಲ್ಲೆಯನ್ನು ನಿನ್ನ ಕೈಗಿತ್ತರು. “ಇದ್ರಲ್ಲಿ ನೋಡಿ ಅಮ್ಮ, ಫಿಲಂನಲ್ಲಿ ಹೆಂಗ್ ಬೀಳ್ತದೆ ಅಂತ ಗೊತ್ತಾಗ್ತದೆ.” ನೀನು ಒಂದು ಕಣ್ಣು ಮುಚ್ಚಿ ಎಷ್ಟು ಹೊತ್ತು ನೋಡಿದೆ! ಆಮೇಲೆ ಕೇಳಿದೆ, “ಮಿಕ್ಕೋರ್ಗೆಲ್ಲ ಮಣ್ಣಿನ ಬಣ್ಣ ಯಾಕ್ ಹಾಕಿದೀರ?”

“ಊರೆಲ್ಲ ಅವಳಿಗೆ ಮಾತಾಡೋಕೆ ಬಿಟ್ಟಿಲ್ಲ ಅಮ್ಮ, ಇಡೀ ಕಥೇಲಿ. ಇವತ್ತು ಊರೋರ್ ಮುಂದೆ ನಿಂತು ಮಾತಾಡ್ತಾಳೆ. ಅದಕ್ಕೇ ಇಲ್ಲೀವರ್ಗೂ ಸಿನಿಮಾದಲ್ಲಿ ಎಲ್ಲೂ ಕೆಂಪು ತೋರ್ಸಿಲ್ಲ.”

“ಹಂಗಂದ್ರೆ ಮಿಕ್ಕ ಬಣ್ಣಗಳ ಬಾಯಿ ಮುಚ್ಚಿಸಿ ಇವ್ಳೊಬ್ಳಿಗೆ ಮಾತಾಡಕ್ ಬುಟ್ಟಿದೀರ,” ಅಂದೆ ನೀನು. ಕ್ಯಾಮೆರಾ ಸರ್ ನಿನ್ನನ್ನೇ ನೋಡಿದರು. ಮರುಗಳಿಗೆಯೇ ನೀನು ಬೆರಳು ತೋರಿಸಿದೆ. “ಆದ್ರೆ ಅಲ್ಲಿ ಹಿಂದೆ ಒಬ್ಬ ಯಜಮಾನ್ರು ಕೆಂಪು ಟವೆಲ್ ಹೊದ್ದವ್ರೆ, ನೋಡಿ.” ಇಡೀ ಯೂನಿಟ್ಟಿಗೆ ಕಾಣದ್ದು ನಿನಗೆ ಕಂಡಿತ್ತು.

ಆಮೇಲೆ ಪಕ್ಕದ ಮನೆಯ ಕಲರ್ ಟಿವಿಯ ಭಾನುವಾರಗಳು! ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದವಳು ಮೊದಲೇ ಹೋಗಿ ಜಾಗ ಹಿಡಿಯುತ್ತಿದ್ದೆ. ಒಂದು ಸಲ ಗಂಡನ ಮನೆಗೆ ಬಂದ ಹುಡುಗಿಯೊಬ್ಬಳ ಸಿನಿಮಾ. ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ. “ಗೋಡೆನೂ ನೀಲಿ, ಇವ್ಳ ಸೀರೆನೂ ನೀಲಿ. ಗೋಡೆಯೊಳಗೇ ಸೇರ್ಕೊಂಡವ್ಳೆ. ಇವ್ಳ ಮಾತು ಆ ಮನೇಲಿ ನಡಿಯಾಕಿಲ್ಲ ಬುಡು,” ಅಂದುಬಿಟ್ಟೆ. ಹಾಗೇ ಆಯಿತು! ಪಕ್ಕದ ಮನೆಯಾಕೆ ನೀನು ಮೊದಲೇ ನೋಡಿದ್ದೀಯ ಎಂದು ಜಗಳಕ್ಕೇ ಬಂದಳು. ಯಾರ ಮೇಲೆ ಬೆಳಕು, ಯಾರ ಬಟ್ಟೆ ಯಾವಾಗ ಮಾಸಿತು, ಯಾವ ಕೋಣೆಯಲ್ಲಿ ಹಳದಿ ಹೋಗಿ ಹಸಿರು ಬಂತು… ನನಗೆ ಸಿನಿಮಾ ನೋಡಲು ಕಲಿಸಿದವಳು ನೀನೇ.

ನಮ್ಮ ಸಿನಿಮಾ ತುಮಕೂರಿಗೆ ಬರಲೇ ಇಲ್ಲ. ಎಷ್ಟೋ ತಿಂಗಳ ಮೇಲೆ ಗುಬ್ಬಿಯ ಒಂದು ಹಳೇ ಟಾಕೀಸಿಗೆ ಬಂದಿದೆಯೆಂದು ಅಲ್ಲಿದ್ದ ನಿನ್ನ ತಂಗಿ, ನಮ್ಮ ಖಾಲಾ ಹೇಳಿಕಳಿಸಿದಳು. ಅಬ್ಬಾ ಬರಲಿಲ್ಲ, ನಾವಿಬ್ಬರೇ ಮ್ಯಾಟಿನಿಗೆ ಹೋದೆವು. ಕೊನೆಯ ದೃಶ್ಯ ಬರುವವರೆಗೆ ನೀನು ನನ್ನ ಕೈ ಬಿಡಲಿಲ್ಲ. ಏರಿಯ ಮೇಲೆ ಅವಳು ನಡೆದು ಬಂದಳು. ಸೀರೆ ಕೆಂಪಾಗಿರಲಿಲ್ಲ. ಕಾಚಿನಂಥ ಕಂದು ಬಣ್ಣ. ಹಿಂದಿನ ಜನರ ಮಣ್ಣಿನಲ್ಲಿ ಮಣ್ಣಾಗಿ ಹೋಗಿತ್ತು. ನಿನ್ನ ಕೈ ಸಡಿಲವಾಯಿತು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ, “ಉಪ್ಪು ಕಮ್ಮಿ ಆಗಿತ್ತು ಕಣೇ. ಆತುರದಾಗೆ ಬಣ್ಣ ಕೂರ್ಲಿಲ್ಲ. ಅಷ್ಟು ಜನದ ಕೆಲಸ ಕೆಡಿಸ್ಬಿಟ್ಟೆ.” ಹಾಗಲ್ಲ ಅಮ್ಮೀ ಎನ್ನಬೇಕಿತ್ತು. ಆದರೆ ನನಗೂ ಕಾರಣ ಗೊತ್ತಿರಲಿಲ್ಲವಲ್ಲ… ಎರಡು ವರ್ಷಕ್ಕೆ ನೀನು ಹೊರಟೇಹೋದೆ, ಅದೇ ಭಾರ ಹೊತ್ತುಕೊಂಡು.

ನಾನೀಗ ಸಿನಿಮಾಗಳಿಗೇ ಬಟ್ಟೆ ಅದ್ದುತ್ತೇನೆ ಅಮ್ಮೀ. ಬಿಳಿ ಪಂಚೆಗಳಿಗೆ ಟೀ ಯಾಕೆಂದೂ ಈಗ ಗೊತ್ತು, ಅಪ್ಪಟ ಬಿಳಿ ಬಣ್ಣ ಬಿಸಿಲಿನಲ್ಲಿ ಕ್ಯಾಮೆರಾದ ಕಣ್ಣು ಕುಕ್ಕುತ್ತದೆ. ಹೋದ ತಿಂಗಳು ಒಂದು ಸೆಟ್ಟಿನಲ್ಲಿ ಅದೇ ಕ್ಯಾಮೆರಾ ಸರ್ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಯಾರೆಂದು ಹೇಳಿ, ಗುಬ್ಬಿಯ ಕಥೆಯನ್ನೂ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. “ಅಯ್ಯೋ, ಆ ಟಾಕೀಸಲ್ಲಿ ಪ್ರೊಜೆಕ್ಟರ್ ಲೈಟು ಸಾಲ್ದೇ ಇದ್ದಿರ್ಬೇಕಮ್ಮ! ಬೆಳಕು ಕಮ್ಮಿಯಾದ್ರೆ ಮೊದಲು ಸಾಯೋದೇ ಕೆಂಪು. ಹೊಸ ಪ್ರಿಂಟ್ ತೆಗೆಸಿದೀವಿ, ಬರೋ ತಿಂಗ್ಳು ಬೆಂಗ್ಳೂರಲ್ಲಿ ಹಾಕ್ತೀವಿ. ಅಪ್ಪನ್ನೂ ಕರ್ಕೊಂಡ್ ಬನ್ನಿ.”

ನಿನ್ನೆ ಅಬ್ಬಾರನ್ನು ಕರೆದುಕೊಂಡು ಹೋದೆ. ಅವರು ಟಾಕೀಸಿನೊಳಗೆ ಕಾಲಿಟ್ಟದ್ದು ಇದೇ ಮೊದಲು, ದಾರಿಯುದ್ದಕ್ಕೂ ಗೊಣಗಿದರು. ಎರಡು ಗಂಟೆ ಬರೀ ಮಣ್ಣು, ಬೂದಿ, ಹುಲ್ಲು. ಆಮೇಲೆ, ಅಮ್ಮೀ, ಅವಳು ಏರಿ ಹತ್ತಿ ಬಂದಳು. ಏನು ಕೆಂಪು! ಮುಂದಿನ ಸಾಲಿನಲ್ಲಿ ಯಾರೋ ‘ಹಾ’ ಎಂದರು. ಮೊದಲ ದಿನ ತೆಗೆದದ್ದು ಯಾವುದು, ನೀನು ಅದ್ದಿದ ಮೇಲೆ ತೆಗೆದದ್ದು ಯಾವುದು ಎಂದು ಹುಡುಕಿದೆ. ಬಣ್ಣವೇ ನನ್ನ ಕಸುಬು, ಆದರೂ ನನಗೆ ಗೊತ್ತಾಗಲಿಲ್ಲ. ಉಪ್ಪು ಸರಿಯಾಗಿತ್ತು. ಎಲ್ಲ ಸರಿಯಾಗಿತ್ತು.

ಇನ್ನೊಂದಿದೆ, ತಡಿ. ಶಾಟ್ ಶುರುವಾದಾಗ ನೀನು ಅಡುಗೆಯವರ ಪಾತ್ರೆ ತಿಕ್ಕಿ ಕೊಡಲು ಹೋಗಿದ್ದೆಯಲ್ಲ? ಪರದೆಯ ಬಲಮೂಲೆಯಲ್ಲಿ, ದೂರದಲ್ಲಿ, ಏರಿಯ ತುದಿಗೆ ತೆಳ್ಳಗೆ ಒಲೆಯ ಹೊಗೆ. ಅದರ ಪಕ್ಕ ಕಪ್ಪು ಬುರ್ಖಾದ ಒಂದು ಪುಟ್ಟ ಆಕಾರ, ಎದ್ದು ನಿಂತು ಇತ್ತಲೇ ನೋಡುತ್ತಿದೆ. ನೀನು, ಅಮ್ಮೀ! ನೀನು ಸಿನಿಮಾದಲ್ಲಿದ್ದೀಯ!

ಆಚೆ ಬಂದ ಮೇಲೆ ಕ್ಯಾಮೆರಾ ಸರ್‌ಗೆ ಹೇಳಿದರೆ ನಕ್ಕರು. “ಗೊತ್ತಿತ್ತು. ಲೆನ್ಸಲ್ಲೇ ನೋಡಿದ್ದೆ. ಆ ಕಪ್ಪು ಅಲ್ಲಿದ್ದಿದ್ಕೇ ಕೆಂಪು ಇನ್ನೂ ಎದ್ದು ಕಾಣ್ತಿತ್ತು. ಬೇಕಂತ್ಲೇ ಬಿಟ್ಟೆ.”

ಅಬ್ಬಾರಿಗೂ ಕಂಡಿತ್ತು. ನಾವು ಆಚೆ ಬರುವ ಮೊದಲು, ದೀಪ ಹತ್ತಿದಾಗ ಅವರು ಕುರ್ಚಿಯಿಂದ ಎದ್ದೇ ಇರಲಿಲ್ಲ. ಖಾಲಿ ಪರದೆಯ ಆ ಬಲಮೂಲೆಯನ್ನೇ ನೋಡುತ್ತ, ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು:

“ಮುನ್ನೀ, ಇನ್ನೊಂದ್ಸಲ ಹಾಕ್ತಾರಾ, ಕೇಳು.”

ನಿನ್ನ
ಮುನ್ನಿ