ಟಗರು ಕಟ್ಟಿದ ಸರಪಳಿ

ಅಂಕಲಗಿ
ತಾ. ೯-೨-೧೯೩೭

ಚಿ. ಸೌ. ರಾಜಮತಿಗೆ ನಿನ್ನ ಅಪ್ಪನ ಆಶೀರ್ವಾದ.

ನಾವಿಲ್ಲಿ ನೆಟ್ಟಗಿದ್ದೇವೆ. ಕಣಗಲಾದಲ್ಲಿ ನೀವೂ ನೆಟ್ಟಗಿರಬೇಕು. ನಿನ್ನ ಎರಡು ಕಾಗದ ಮುಟ್ಟಿ ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಬೇಡ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೆ ಲೆಕ್ಕಣಿಕೆ ಹಿಡಿಯುವುದಕ್ಕಿಂತ ಹೊಲ ಅಳೆಯುವ ಮೋಜಣಿಯ ಸರಪಳಿ ಹಿಡಿಯುವುದೇ ಸಲೀಸು.

ನಿನ್ನ ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ನಾನು ಕೂಡಿಸಿಟ್ಟ ಹಳೆಯ ಮೋಜಣಿ ಸಾಮಾನು ಕಂಡರೆ ಆಕೆಗೆ ಆಗುವುದಿಲ್ಲ. ಗೋಕಾಕದ ಗುಜರಿ ಮೋಡಕಾ ಅಂಗಡಿಯಲ್ಲಿ ಹುಡುಕಿ ತಂದ, ದಿಕ್ಕು ತೋರಿಸುವ ಹಿತ್ತಾಳೆ ಡಬ್ಬಿಯನ್ನು ಉಪ್ಪಿನಕಾಯಿ ಭರಣಿಗೆ ಮುಚ್ಚಿದ್ದಳು. ಬೈದರೆ, "ಊರ ಹೊಲಾ ಎಲ್ಲಾ ಅಳದ್ರಿ, ಅಡಿಗಿ ಮನ್ಯಾಗ ಒಂದ ಹಲಗಿ ಹೊಡಿಯಾಕ ನಿಮಗ ಅಳತಿ ಸಿಗಲಿಲ್ಲ" ಎಂದಳು.

ಮೊನ್ನೆ ಮೂಡಲಗಿಗೆ ಹೋಗಿದ್ದೆ. ಮೋಜಣಿ ಕಾಲದಲ್ಲಿ ನನ್ನ ಜೊತೆ ಸರಪಳಿಯ ಇನ್ನೊಂದು ತುದಿ ಹಿಡಿಯುತ್ತಿದ್ದ ಕುರುಬರ ಬೀರಸಿದ್ದಪ್ಪ ನಿನಗೆ ಗೊತ್ತು. ಹರಿದದ್ದೆಂದು ಸರಕಾರದವರು ಹೊರಗೆ ಒಗೆದ ನಮ್ಮ ಹಳೆಯ ಸರಪಳಿಯನ್ನು ಅವನೇ ಮನೆಗೆ ಒಯ್ದಿದ್ದ. ಕೇಳಿದಾಗಲೆಲ್ಲ ಕಳೆಯಿತು ಎನ್ನುತ್ತಿದ್ದ. ನೋಡಿದರೆ ಅದರಿಂದ ಟಗರು ಕಟ್ಟಿದ್ದಾನೆ. ನಾಚಿಕೆ ಇಲ್ಲವೇನೋ ಎಂದೆ. "ಆಗ ಇದರ ಎರಡೂ ಬಾಜೂ ಮಂದಿ ಬಡದಾಡತಿದ್ರು ಧನಪಾಲಣ್ಣಾ, ಈಗ ಟಗರ ಬಡದಾಡತೈತಿ. ಸರಪಳಿಗೇನ ಫರಕ?" ಎಂದ. ಹೊಸ ಹಗ್ಗ ಕೊಟ್ಟು ಬಿಡಿಸಿಕೊಂಡು ಬಂದೆ.

ನಮ್ಮ ಚಾವಡಿಯ ಹಾಸುಗಲ್ಲಿನ ಮೇಲೆ ಮೂವತ್ಮೂರು ಫೂಟಿಗೆ ಎರಡು ಗುರುತು ಕೊರೆದಿದೆಯಲ್ಲ, ದಿನಾ ಬೆಳಿಗ್ಗೆ ಸರಪಳಿಯನ್ನು ಅದಕ್ಕೆ ಹಚ್ಚಿ ನೋಡಿಯೇ ನಾವು ಹೊಲಕ್ಕೆ ಇಳಿಯುತ್ತಿದ್ದೆವು. ಇದನ್ನೂ ಹಚ್ಚಿದೆ. ಒಂದು ಗೇಣು ಉದ್ದ. ಜಗ್ಗಿ ಜಗ್ಗಿ ಕೆಡಿಸಿತೆಂದು ಚಾವಡಿ ಮಂದಿಯ ಮುಂದೆ ಆ ಟಗರಿಗೆ ಬಾಯಿಗೆ ಬಂದದ್ದು ಬೈದೆ.

ಭರತೇಶ ಕಾಕಾನ ಕೆಮ್ಮಿನ ಸುದ್ದಿ ನನಗೆ ಯಾಕೆ ಬರೆದೆ? ಹುಕ್ಕೇರಿಯಲ್ಲಿ ಔಷಧ ಕೊಡುವವರು ಇಲ್ಲವೇ? ನಾವು ಅಣ್ಣತಮ್ಮಂದಿರ ಹೊಲ ಹಿಸ್ಸೆಯಾದ ಮರುದಿನ ಬಸದಿಯ ಮುಂದೆ ನಿಂತು ತನ್ನ ಹೊಲ ಕಡಿಮೆ ಬಿದ್ದಿದೆ ಎಂದವನು ಅವನು. ಹೆಜ್ಜೆ ಹಾಕಿ ಅಳೆದನಂತೆ. ಸರಪಳಿಗಿಂತ ಇವನ ಹೆಜ್ಜೆ ದೊಡ್ಡದು. ಸುಳ್ಳ ಎಂದೆ. ಊರು ಬಿಟ್ಟು ಹೋದ. ಇಪ್ಪತ್ತೊಂದು ವರ್ಷ ನನ್ನ ಹೊಸ್ತಿಲು ತುಳಿದಿಲ್ಲ. ಇನ್ನು ಅವನ ಸುದ್ದಿ ಬರೆಯಬೇಡ.

ಅಳಿಯಂದಿರಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಹೊತ್ತು ಮುಳುಗುವ ಮೊದಲೇ ಉಣ್ಣಿಸುತ್ತಾ ಹೋಗು, ನಮ್ಮ ಮನೆತನದ ರೂಢಿ ತಪ್ಪಬಾರದು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಧನಪಾಲ

ತಾ. ಕ. ಕಾಗದ ಮಡಚಿಟ್ಟು ನಾಲ್ಕು ದಿನವಾಯಿತು, ಟಪಾಲಿಗೆ ಹಾಕಿಲ್ಲ. ಟಗರಿನದೇನೂ ತಪ್ಪಿಲ್ಲ. ಸರಪಳಿಯ ತುಕ್ಕು ತಿಕ್ಕುವಾಗ ನಡುವೆ ಒಂದು ಕೊಂಡಿ ಹೆಚ್ಚಿಗೆ ಕಂಡಿತು. ಹಿಸ್ಸೆಗೆಂದು ಇದನ್ನೇ ಬೀರಸಿದ್ದಪ್ಪನಿಂದ ಎರವಲು ತಂದು, ಹರಿದಲ್ಲಿ ಕಮ್ಮಾರ ಉದ್ದಪ್ಪನಿಂದ ಕೊಂಡಿ ಹಾಕಿಸಿ ಕೂಡಿಸಿದವನು ನಾನೇ. ಅಷ್ಟಕ್ಕೆ ಸಂಜೆಯಾಗಿತ್ತು. "ಅಣ್ಣಾ, ಚಾವಡಿ ಗುರ್ತಿಗೆ ಒಮ್ಮಿ ಹಚ್ಚಿ ನೋಡೂಣು" ಎಂದ ಭರತೇಶ. ಹೊತ್ತು ಮುಳುಗಿದರೆ ಊಟ ತಪ್ಪುತ್ತದೆ ಎಂಬ ಅವಸರ ನನಗೆ. "ಸರಪಳಿ ಹಿಡಿಯೂದ ನನಗ ಕಲಸ್ತಿಯೇನ?" ಎಂದು ಗದರಿದೆ. ಹಳ್ಳದಿಂದ ಹದಿನೆಂಟು ಸರಪಳಿ ಅಳೆದು ನಾನಿಟ್ಟುಕೊಂಡೆ, ಉಳಿದದ್ದು ಅವನಿಗೆ. ಊಟ ಹೊತ್ತಿಗೆ ಸರಿಯಾಗಿ ಆಯಿತು. ಹದಿನೆಂಟು ಗೇಣು ಅವನ ನೆಲ ಇವತ್ತಿಗೂ ನನ್ನ ಹೊಲದಲ್ಲಿದೆ.

ಎರಡೂ ಹೊಲದ ನಡುವಿನ ಬಾಂದಗಲ್ಲು ಕಿತ್ತಿಟ್ಟಿದ್ದೇನೆ. ಆ ಕೊಂಡಿ ತೆಗೆಸಿ ಚಾವಡಿ ಗುರುತಿಗೆ ಹಚ್ಚಿದ್ದೇನೆ, ಈಗ ಸರಿಯಿದೆ. ಸರಪಳಿಯ ಇನ್ನೊಂದು ತುದಿ ಹಿಡಿಯುವವರು ಊರಲ್ಲಿ ಬೇಕಾದಷ್ಟಿದ್ದಾರೆ. ನನಗೆ ಅವನೇ ಬೇಕು. ಗಾಡಿ ಕಳಿಸುತ್ತೇನೆ. ನೀನೇ ಹುಕ್ಕೇರಿಗೆ ಹೋಗಿ ಈ ಕಾಗದವನ್ನು ಅವನಿಗೆ ಓದಿ ಹೇಳು. ಮೇಲೆ ಅವನನ್ನು ಬೈದದ್ದನ್ನೂ ಬಿಡಬೇಡ.